ಮುಂಗಡ ಪ್ರತಿಯ ಹಿಂಬದಿ

ಮಾರ್ಚ್ 3, ಬೆಳಗ್ಗೆ 6.20

ನಾಲ್ಕು ಪತ್ರಿಕೆ, ಒಂದು ಲೋಟ ಚಹಾ, ಒಂದು ಕೆಂಪು ಪೆನ್ನು. ನಿವೃತ್ತನಾಗಿ ಎಂಟು ವರ್ಷ — ಈ ವ್ರತ ಮಾತ್ರ ಮುರಿದಿಲ್ಲ. ಒಂದರಲ್ಲಿ ಮಂತ್ರಿ 'ಗುಡುಗಿದರು'. ಇನ್ನೊಂದರಲ್ಲಿ ಅದೇ ಮಂತ್ರಿ, ಅದೇ ಮಾತು — 'ಕಿಡಿ ಕಾರಿದರು'. ಮೂರನೆಯದರಲ್ಲಿ 'ಗದ್ಗದಿತರಾದರು'. ಟೀವಿಯಲ್ಲಿ ನಾನೇ ನೋಡಿದ್ದೆ: ಮನುಷ್ಯ ಆಕಳಿಸುತ್ತ ಚೀಟಿ ಓದುತ್ತಿದ್ದ! ಒಬ್ಬ ವರದಿಗಾರನೂ ಸಭೆಗೆ ಹೋಗಿ ಕೂತಿಲ್ಲ. ಮೂರಕ್ಕೂ ಕೆಂಪು ಗೆರೆ ಎಳೆದೆ.

ಇವಳು ಅಡುಗೆಮನೆಯಿಂದಲೇ: "ರೀ, ಅದು ಅಚ್ಚಾಗಿ ಹೋದ ಪೇಪರ್ರು. ತಿದ್ದಿ ಯಾರಿಗೆ ಕಳಿಸ್ತೀರಿ?"

"ಇತಿಹಾಸಕ್ಕೆ!" ಅಂದೆ.

"ಇತಿಹಾಸ ಇರಲಿ, ಹಾಲಿನವನು ಬಂದಿದ್ದಾನೆ. ಬಾಗಿಲು ತೆಗೀರಿ."

ಅದೇ ದಿನ, ಮಧ್ಯಾಹ್ನ

ಪುಸ್ತಕದ ಪ್ರೂಫ್ ಬಂತು. ಮೂವತ್ತನಾಲ್ಕು ವರ್ಷದ ರಾಜಕೀಯ ವರದಿಗಳಿಂದ ಹೆಕ್ಕಿದ್ದು. ಹೆಸರು — 'ಕಿವಿಯಾರೆ'. ನನ್ನ ಅಂಕಣದ ಹೆಸರೇ. ಮೊದಲ ಪುಟದಲ್ಲಿ ಮಿಲ್ ಲೈನಿನ — ಕಾರ್ಮಿಕರ ಮನೆಸಾಲಿನ — ಸಭೆ. ಎದ್ದು ನಿಂತು, ಗಟ್ಟಿಯಾಗಿ, ಅಪ್ಪನ ನಾಟಕ ಕಂಪನಿಯ ಧಾಟಿಯಲ್ಲಿ ಓದಿದೆ:

"'ಈ ಗೋಡೆಗಳು ನಿಮ್ಮ ಬೆವರಿನಿಂದ ಎದ್ದವು. ಇನ್ನು ಇವು ನಿಮ್ಮವು' ಎನ್ನುವಾಗ ಸಚಿವರ ಕಂಠ ಬಿಗಿಯಿತು. ಎಡಗೈಯಲ್ಲಿ ವೇದಿಕೆಯ ಕಂಬ ಹಿಡಿದು, ಬಲಗೈಯಲ್ಲಿ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು."

ಎಂಥ ವಾಕ್ಯ! ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಪತ್ರಕರ್ತರೆಲ್ಲ ನನ್ನನ್ನು 'ಗುಡುಗು' ಅಂತ ಕರೆದದ್ದು ಸುಮ್ಮನೆಯೇ?

ಮಾರ್ಚ್ 4

ಸಮನ್ಸ್.

ಮಿಲ್ ಮುಚ್ಚಿ ವರ್ಷಗಳಾದವು. ಜಾಗ ಮಾರಾಟವಾಗಿದೆ. ಕೊಂಡವರಿಗೆ ಗೋದಾಮು ಕಟ್ಟಬೇಕು, ಲೈನಿನ ಇನ್ನೂರ ಹನ್ನೆರಡು ಮನೆ ಏಳಬೇಕು. ಜನ ಏಳುವುದಿಲ್ಲ ಅನ್ನುತ್ತಾರೆ — ಮನೆ ನಮಗೇ ಅಂತ ಸರ್ಕಾರ ಮಾತು ಕೊಟ್ಟಿದೆ. ಸರ್ಕಾರ ಹೇಳುತ್ತದೆ — ಕಡತದಲ್ಲಿ ಏನೂ ಇಲ್ಲ. ನಿವೃತ್ತ ನ್ಯಾಯಾಧೀಶರೊಬ್ಬರ ಆಯೋಗ ನೇಮಕವಾಗಿದೆ. ಪ್ರಶ್ನೆ ಒಂದೇ: ಮೂವತ್ತೊಂದು ವರ್ಷದ ಹಿಂದೆ, ಆ ಸಭೆಯಲ್ಲಿ, ಸಚಿವರು ಆ ಮಾತು ಆಡಿದರೋ ಇಲ್ಲವೋ?

ಸಾಕ್ಷ್ಯ? ನನ್ನ ವರದಿ. ಸಾಕ್ಷಿ? ನಾನು. 27ಕ್ಕೆ ಹಾಜರಾಗಬೇಕು.

ಲೈನಿನವರ ಪರ ವಕೀಲೆ ಫೋನ್ ಮಾಡಿದ್ದಳು. ಇನ್ನೂ ಚಿಕ್ಕ ವಯಸ್ಸು, ಬಿರುಸು ಮಾತು. "ಸಾರ್, ನೀವು 'ಕಿವಿಯಾರೆ ಕೇಳಿದೆ' ಅಂದ್ರೆ ಸಾಕು. ಬೇರೆ ಏನೂ ಬೇಡ. ನಿಮ್ಮ ಮಾತನ್ನ ಯಾರು ಅಲ್ಲಗಳೀತಾರೆ?"

"ಯಾರೂ ಇಲ್ಲಮ್ಮ" ಅಂದೆ. ಫೋನ್ ಬೇಗ ಇಟ್ಟೆ.

ಮಾರ್ಚ್ 5, ಬೆಳಗ್ಗೆ

ಇಲ್ಲಿ ಬರೆಯಬಹುದು. ಇದನ್ನು ಓದುವವರು ಯಾರೂ ಇಲ್ಲ.

ಆ ಸಂಜೆ ನಾನು ಅಲ್ಲಿರಲಿಲ್ಲ.

ಆಗ ನಮ್ಮೂರಿನ ಎಡಿಷನ್ ಆರಕ್ಕೇ ಮುಚ್ಚುತ್ತಿತ್ತು. ಸಭೆ ಆರಕ್ಕೆ. ಅಂಥ ದಿನ ಸರ್ಕಾರದ ವಾರ್ತಾಧಿಕಾರಿ ಮಧ್ಯಾಹ್ನವೇ ಭಾಷಣದ ಮುಂಗಡ ಪ್ರತಿ ಹಂಚುತ್ತಿದ್ದ. ಅದನ್ನು ನೋಡಿಕೊಂಡು 'ಹೇಳಿದರು' ಅಂತ ಬರೆದು ಕಳಿಸುವುದು — ಎಲ್ಲರೂ ಮಾಡುತ್ತಿದ್ದದ್ದೇ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಕಳಿಸಿದ ಮೇಲೂ ಹೋಗಿ ಕೂರಬೇಕು. ಹಾಳೆ ಹಿಡಿದು ಸಾಲು ಸಾಲು ಕೇಳಬೇಕು. ಬಿಟ್ಟ ಮಾತು ಇದ್ದರೆ, ಅಚ್ಚಿಗೆ ಹೋಗುವ ಮೊದಲು ಓಡಿ ಡೆಸ್ಕಿಗೆ ಫೋನ್ ಮಾಡಬೇಕು.

ನಾನು ಹೋಗಿ ಕೂರಲಿಲ್ಲ. ಆ ಹೊತ್ತಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಅಪ್ಪನ ಕಂಪನಿಯ ರಂಗದ ಮೇಲೆ ನಿಂತಿದ್ದೆ. ರಾಜನ ಪಾತ್ರದವನ ಗಂಟಲು ಕಟ್ಟಿತ್ತು. ಆ ಆಟ ನಿಂತರೆ ಕಂಪನಿಯೇ ನಿಲ್ಲುತ್ತಿತ್ತು. ಅಪ್ಪ ಒಂದೇ ಮಾತು ಕೇಳಿದರು — "ಬರ್ತೀಯೇನೋ?" ಹೋದೆ. (ಕಂಪನಿ ಮರುವಾರವೇ ನಿಂತಿತು. ಅದು ಬೇರೆ ಕಥೆ.)

ಇರಲಿ. ಪ್ರತಿಯಲ್ಲಿತ್ತು, ಬರೆದೆ. ಸಚಿವರೂ ಹೇಳಿರುತ್ತಾರೆ. ಇಲ್ಲದಿದ್ದರೆ ಮಾರನೇ ದಿನವೇ ಸ್ಪಷ್ಟೀಕರಣ ಬರುತ್ತಿರಲಿಲ್ಲವೇ? ಬರಲಿಲ್ಲ. ಮತ್ತೇನು ಭಯ? ಕೇಳಿದೆ ಅಂದುಬಿಡುವುದು. ಪಾತ್ರ ಮಾಡಿದವನಿಗೆ ಒಂದು ಸಾಲು ಭಾರವೇ?

ಮಾರ್ಚ್ 8, ಸಂಜೆ

ಲೈನಿಗೆ ಹೋಗಿದ್ದೆ. ಎದುರು ಬದುರು ಮನೆ, ನಡುವೆ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುವಷ್ಟು ದಾರಿ. ಪ್ರತಿ ಬಾಗಿಲಿನ ಮೇಲೂ ಮಿಲ್ಲಿನ ಹಳೆ ನಂಬರು, ಅದರ ಕೆಳಗೆ ಅವರವರ ಹೆಸರು — ದಪ್ಪ ಅಕ್ಷರದಲ್ಲಿ. ವರದಿ ಬಂದ ವಾರ ಬರೆಸಿದ್ದಂತೆ.

ನಡುವಿನ ನಲ್ಲಿಯ ಹತ್ತಿರ ನಲ್ಲಿಯಮ್ಮ. ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು. ಎಂಬತ್ತು ದಾಟಿದೆ. ಕಲ್ಲಿನ ಮೇಲೆ ಕೂತು, ಯಾರಿಗೆ ಎಷ್ಟು ಕೊಡ ಅಂತ ತೀರ್ಮಾನಿಸುವ ಸರ್ವಾಧಿಕಾರಿ. ಗುರುತು ಹಿಡಿದಳು.

"ಬಂದೆಯಾ ಗುಡುಗಪ್ಪ! ನಿನ್ನ ಬಾಯಲ್ಲಿ ನಮ್ಮ ಮನೆ ಇದೆಯಂತಲ್ಲಪ್ಪಾ. ಹಲ್ಲು ಗಟ್ಟಿ ಇದ್ಯಾ?"

ನಕ್ಕೆ. ಆ ಸಂಜೆ ನೆನಪಿದೆಯಾ ಅಂತ ಕೇಳಿದೆ.

"ನೆನಪೇ? ಕಣ್ಣಿಗೆ ಕಟ್ಟಿದ ಹಾಗಿದೆ. ಈ ಎಡಗೈಲಿ ಕಂಬ ಹಿಡ್ಕೊಂಡ. ಈ ಕೈಲಿ ಶಾಲು ಎತ್ತಿ ಕಣ್ಣು ಒರೆಸ್ಕೊಂಡ. ಮಂತ್ರಿ ಅತ್ತ ಅಂದ್ರೆ ಸುಮ್ನೇನಾ? ಆವತ್ತೇ ಅಂದ್ಕೊಂಡೆ — ಈ ಮಾತು ಸುಳ್ಳಾಗಲ್ಲ."



ಭಾಷಣ ವಾರ್ತಾಧಿಕಾರಿಯ ಹಾಳೆಯಲ್ಲಿತ್ತು. ಕಣ್ಣೀರು ಅದರಲ್ಲಿ ಇರಲಿಲ್ಲ. ಕಂಬವೂ ಇರಲಿಲ್ಲ. ಅವೆರಡೂ ನನ್ನವು. ಸೊಗಸಿರಲಿ ಅಂತ ಸೇರಿಸಿದ್ದು! ಈ ತಾಯಿ ಅದನ್ನು 'ಕಂಡಿದ್ದಾಳೆ'.

ಸಂತೆಯಲ್ಲಿ ಸ್ವಂತ ಮುಖವಾಡವನ್ನು ಇನ್ನೊಬ್ಬರ ಮೇಲೆ ಕಂಡ ಹಾಗಾಯಿತು. ಚಹಾ ಕೊಟ್ಟಳು. ಕುಡಿಯಲಾಗಲಿಲ್ಲ.

ಮಾರ್ಚ್ 11

ಮಾಜಿ ಸಚಿವರ ಮನೆ. ಹತ್ತು ವರ್ಷದಿಂದ ಹಾಸಿಗೆ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ನೂರು ಫೋಟೊ. ಕೆಳಗೆ ಮಲಗಿದ ಮನುಷ್ಯ ಒಂದು ಹಿಡಿ. ಮೂಗಿಗೆ ನಳಿಕೆ, ಪಕ್ಕದಲ್ಲಿ ಸಿಲಿಂಡರ್.

"ಬಾರಯ್ಯ ಗುಡುಗು. ಮೆಲ್ಲಗೆ ಮಾತಾಡು. ಸಿಲಿಂಡರ್ ಬೆಚ್ಚಿ ಬೀಳುತ್ತೆ."

ಆಯೋಗಕ್ಕೆ ಬರಲಾರರು, ಡಾಕ್ಟರ್ ಬರೆದುಕೊಟ್ಟಿದ್ದಾರೆ. ನೇರ ಕೇಳಿದೆ: "ಸರ್, ಆ ಮಾತು… ಹೇಳಿದ್ರಿ ತಾನೇ?"

ಮೂಗಿನ ನಳಿಕೆ ಸರಿ ಮಾಡಿಕೊಂಡರು.

"ನೀನು ಮುಂದಿನ ಸಾಲಲ್ಲಿ ಇರಲಿಲ್ವೇನಯ್ಯಾ?"

ಸುಳ್ಳು ನಾಲಿಗೆ ತುದಿಗೆ ಬಂತು. ಬಿಡಲಿಲ್ಲ. "ಇರಲಿಲ್ಲ ಸರ್."

ನಗಬೇಕೆಂದು ಹೊರಟರು. ಕೆಮ್ಮಾಯಿತು. ಸೊಸೆ ಓಡಿ ಬಂದಳು, ಬೆನ್ನು ನೀವಿದಳು. ಅವಳು ಹೋದ ಮೇಲೆ ಪಿಸುಮಾತಿನಲ್ಲಿ:

"ಹೇಳಲಿಲ್ಲ ಕಣಯ್ಯ. ಹೊರಡೋ ಹೊತ್ತಿಗೆ ಮೇಲಿಂದ ಫೋನ್ ಬಂತು — ಆ ಪ್ಯಾರಾ ಬಿಡು ಅಂತ. ಬಿಟ್ಟೆ. ಮೈಕೂ ಕರ ಕರ ಅಂತಿತ್ತು, ನಾಲ್ಕು ಮಾತಾಡಿ ಇಳಿದೆ. ಬೆಳಗ್ಗೆ ಎದ್ದು ನೋಡಿದ್ರೆ ನಿನ್ನ ಪೇಪರ್ರು! ಅತ್ತಿದ್ದೀನಂತೆ ಬೇರೆ. ನಾನು ಅಪ್ಪ ಸತ್ತಾಗಲೂ ಅತ್ತವನಲ್ಲ."

"ಮತ್ತೆ ಅಲ್ಲಗಳೀಲಿಲ್ಲ ಯಾಕೆ?"

"ಅಲ್ಲಗಳಿ ಅಂತ ಮೇಲಿಂದ ಮೂರು ಸಲ ಫೋನ್ ಬಂತು. ಬರೆಯೋಣ ಅಂತ ಕೂತೆ. ಹೊರಗೆ ಮಿಲ್ಲಿನ ಹೆಂಗಸರು ಹೂ ಹಿಡ್ಕೊಂಡು ನಿಂತಿದ್ರು. ಅವರಿಗೆ ಏನಂತ ಹೇಳ್ಲಿ? ನಾನಲ್ಲ ಹೇಳಿದ್ದು, ಗುಡುಗು ಹೇಳಿದ್ದು ಅಂತಲೇ?… ಕೈ ಮುಗಿದೆ. ಆರು ತಿಂಗಳಿಗೆ ಕುರ್ಚಿ ಹೋಯ್ತು. ಆದೇಶ ಮಾಡಿಸೋ ಧೈರ್ಯವೂ ಬರಲಿಲ್ಲ, ಇಲ್ಲ ಅನ್ನೋ ಧೈರ್ಯವೂ ಬರಲಿಲ್ಲ."

ಕೈ ಹಿಡಿದರು. ಕಡ್ಡಿಯಂಥ ಬೆರಳು.

"ಹೋಗಿ ಹೇಳಿದ್ರು ಅಂದುಬಿಡು. ನೀನು ಹೇಳಿದ್ರೆ ನಾನು ಹೇಳಿದ ಹಾಗೇ. ಮೊದಲಿಂದ ಹಾಗೇ ಅಲ್ವೇ?"

ಮೆಟ್ಟಿಲು ಇಳಿಯುವಾಗ ಕಂಬ ಹಿಡಿದುಕೊಂಡೆ. ನಿಜವಾಗಿ.

ಮಾರ್ಚ್ 12

ಬರೆಯಲು ಏನೂ ಇಲ್ಲ.

ಮಾರ್ಚ್ 19

ವಕೀಲೆ ಮೂರು ಸಲ ಫೋನ್. ಎತ್ತಲಿಲ್ಲ. ಪ್ರೂಫ್ ಮೇಜಿನ ಮೇಲೆ ಹಾಗೇ. ಇವತ್ತು ಪತ್ರಿಕೆಗಳಿಗೆ ಕೆಂಪು ಗೆರೆ ಎಳೆಯಲಿಲ್ಲ. ಇವಳು ಬಂದು ಹಣೆ ಮುಟ್ಟಿ ನೋಡಿದಳು.

ಮಾರ್ಚ್ 20, ಮಧ್ಯಾಹ್ನ 3

ಸಿಕ್ಕಿತು — ಆ ಮುಂಗಡ ಪ್ರತಿ.

ಅಪ್ಪನ ತಗಡಿನ ಟ್ರಂಕು. ಮಾಸಿದ ಕಿರೀಟ, ನಾಟಕದ ಹಸ್ತಪ್ರತಿಗಳು, ಜರಿ ಉದುರಿದ ಒಂದು ಶಾಲು. ಅಪ್ಪ ಯಾವ ಕಾಗದವನ್ನೂ ಎಸೆದವರಲ್ಲ. ಅವರೇ ಬರೆದ ರಾಜನ ನಾಟಕ — ರಾಜ್ಯ ಬಿಟ್ಟುಕೊಟ್ಟು ಹೋಗುವ ರಾಜ. ಅದರ ನಡುವೆ ಮಡಚಿದ ನಾಲ್ಕು ಹಾಳೆ.

ಮುಂದಿನ ಬದಿ: ಟೈಪಾದ ಭಾಷಣ. ಮೇಲೆ ವಾರ್ತಾ ಕಚೇರಿಯ ಸೀಲು, ದಿನಾಂಕ, ಅಧಿಕಾರಿಯ ಸಹಿ. 'ಸಂಜೆ ಆರರ ನಂತರ ಪ್ರಕಟಣೆಗೆ.' ಮೂರನೇ ಹಾಳೆಯಲ್ಲಿ ಆ ಪ್ಯಾರಾ — ಗೋಡೆ, ಬೆವರು, 'ಇನ್ನು ಇವು ನಿಮ್ಮವು' — ಅದರ ಕೊನೆಗೆ: "ಸರ್ಕಾರವು ಈ ಮನೆಗಳನ್ನು ನಿವಾಸಿಗಳಿಗೇ ವಹಿಸಲು ತೀರ್ಮಾನಿಸಿದೆ." ತೀರ್ಮಾನಿಸಿದೆ! ಸರ್ಕಾರದ್ದೇ ಕಾಗದ, ಸರ್ಕಾರದ್ದೇ ಸೀಲು. ಕಡತದಲ್ಲಿ ಇಲ್ಲದ್ದು ಅಪ್ಪನ ಟ್ರಂಕಿನಲ್ಲಿ ಇದೆ! ಭಲೆ ಅಪ್ಪಾ! — ಅಂತ ಕೂಗಿದೆ. ಮನೆ ನಡುಗಿತು.

ಆಮೇಲೆ ಹಾಳೆ ತಿರುಗಿಸಿದೆ.

ಹಿಂದಿನ ಬದಿ: ನನ್ನ ಅಕ್ಷರ. ಆ ಸಂಜೆಯ ನಾಟಕದ ಸಂಭಾಷಣೆಗಳು. ಬೇರೆ ಕಾಗದ ಸಿಕ್ಕಿರಲಿಲ್ಲ, ಕೈಯಲ್ಲಿದ್ದುದರ ಮೇಲೇ ಗೀಚಿಕೊಂಡಿದ್ದೆ. 'ಇವತ್ತಿನ ಆಟ 6.30. ರಾಜ — ನಾನು.' ಕೆಳಗೆ ಅಂಚಿನಲ್ಲಿ ಅಪ್ಪನ ಮುತ್ತಿನಂಥ ಅಕ್ಷರ:

'ಇಲ್ಲಿ ಕಂಬ ಹಿಡಿ. ಎಡಗೈ. ಬಲಗೈಯಲ್ಲಿ ಶಾಲಿನ ತುದಿ. ಕಣ್ಣು.'

ಎಲ್ಲ ನೆನಪಾಯಿತು. ಬಣ್ಣದ ಮನೆಯ ಪಕ್ಕದ ಅಂಗಡಿಯ ಫೋನಿನಿಂದ ವರದಿ ಓದಿ ಹೇಳುತ್ತಿದ್ದೆ. ಅರ್ಧ ಮುಖಕ್ಕೆ ಬಣ್ಣ. ಭಾಷಣ ಮುಗಿಯಿತು. ಡೆಸ್ಕಿನ ಹಿರಿಯರು: "ಬರೀ ಮಾತಾಯ್ತಲ್ಲಯ್ಯ, ಸ್ವಲ್ಪ ಜೀವ ಬೇಡ್ವೇ?" ಹಾಳೆ ತಿರುಗಿಸಿದೆ. ಕಣ್ಣಿಗೆ ಬಿದ್ದದ್ದನ್ನು ಓದಿಬಿಟ್ಟೆ.

ಅಪ್ಪ ಹೊಸ ನಟರಿಗೆ ಹೇಳಿಕೊಡುತ್ತಿದ್ದರು: 'ಮಾತು ಮರೆತರೆ ಶಾಲು ಹಿಡಿ. ಶಾಲು ಜಾರಿದರೆ ಕಂಬ ಹಿಡಿ. ಜನಕ್ಕೆ ಗೊತ್ತಾಗಲ್ಲ.' ಮೂವತ್ತೊಂದು ವರ್ಷ ಗೊತ್ತಾಗಲಿಲ್ಲ, ಅಪ್ಪಾ.

ಮುಂಬದಿ ಕೊಟ್ಟರೆ ಲೈನಿನವರ ಕೈಗೆ ಒಂದು ಆಧಾರ. ಕೊಟ್ಟವನು ಎಲ್ಲಿದ್ದ ಅಂತ ಹಿಂಬದಿ ಹೇಳುತ್ತದೆ. ಎರಡೂ ಒಂದೇ ಹಾಳೆ.

ಮಾರ್ಚ್ 22

ಇವಳಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನನಗೆ ಗೊತ್ತಿಲ್ವೇನ್ರೀ? ಆವತ್ತು ನಾಟಕದಲ್ಲಿ ಮೂರನೇ ಸಾಲಲ್ಲಿ ಕೂತಿದ್ದೆ. ನೀವು ಕಂಬ ಹಿಡ್ಕೊಂಡು ಕಣ್ಣು ಒರೆಸ್ಕೊಂಡಾಗ ಜನ ಬಿಕ್ಕಿ ಬಿಕ್ಕಿ ಅತ್ರು. ಮಾರನೇ ದಿನ ಪೇಪರ್ ನೋಡಿದೆ. ಅಯ್ಯೋ, ನಮ್ಮನೆಯವರ ಅಭಿನಯ ಮಂತ್ರಿಗೂ ಬಂತಲ್ಲ ಅಂದ್ಕೊಂಡೆ."

"ಮೂವತ್ತೊಂದು ವರ್ಷ ಬಾಯಿ ಬಿಡಲಿಲ್ವಲ್ಲೇ!"

"ನೀವು ಕೇಳಿದ್ರಾ?" ಒಂದು ಅಂಗಿ ಕೊಡವಿದಳು. "ದಿನಾ ಬೆಳಗ್ಗೆ ಬೇರೆಯವರ ವರದಿಗೆ ಕೆಂಪು ಗೆರೆ ಎಳೀತಿದ್ರಲ್ಲ, ಒಂದು ದಿನ ನಿಮ್ಮದಕ್ಕೂ ಎಳೀತೀರಿ ಅಂತ ಕಾದೆ."

ಮಡಚಿದ ಬಟ್ಟೆ ಎತ್ತಿ ಬೀರುವಿನಲ್ಲಿಟ್ಟೆ.

ಮಾರ್ಚ್ 24, ಬೆಳಗ್ಗೆ 11

ನಲ್ಲಿಯಮ್ಮನಿಗೆ ಮೊದಲು ಹೇಳಬೇಕು ಅನ್ನಿಸಿತು. ಆಯೋಗದಲ್ಲಿ ಕೇಳಿ ತಿಳಿಯಬಾರದು.

ನೀರು ಬಿಟ್ಟಿದ್ದರು. ಸಾಲು ನಿಂತಿತ್ತು. ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಅಮ್ಮಾ, ಆ ಮಂತ್ರಿ ಅಳಲಿಲ್ಲ. ಆ ಮಾತೂ ಆಡಲಿಲ್ಲ. ನಾನು ಅಲ್ಲಿರಲೇ ಇಲ್ಲ. ನಾನು ಬರೆದದ್ದು ಅದು."

"ಏನಂದೆ? ಗಟ್ಟಿಯಾಗಿ ಹೇಳು."

ಜೀವನದಲ್ಲಿ ಮೊದಲ ಸಲ ಯಾರೋ ನನಗೆ ಆ ಮಾತು ಹೇಳಿದ್ದು. ಗಟ್ಟಿಯಾಗಿ ಹೇಳಿದೆ. ಸಾಲಿನವರಿಗೆಲ್ಲ ಕೇಳಿಸಿತು.

"ಹಾಗಾದ್ರೆ ನಾನು ನೋಡಿದ್ದು?"

ಅವಳೇ ನೆನಪಿನಲ್ಲಿ ಹುಡುಕುತ್ತಿದ್ದಳು, ಮುಖದಲ್ಲಿ ಕಾಣುತ್ತಿತ್ತು. "ಹಿಂದೆ ನಿಂತಿದ್ವಿ… ಮೈಕು ಕರ ಕರ ಅಂತಿತ್ತು… ಬೆಳಗ್ಗೆ ಚಹಾದಂಗಡಿಯವನು ಬೆಂಚು ಹತ್ತಿ ಪೇಪರ್ ಓದ್ದ. ನಾಲ್ಕು ಸಲ ಓದಿಸಿದ್ವಿ…" ನನ್ನತ್ತ ತಿರುಗಿದಳು. "ಅಷ್ಟೇನಾ?"

ಕೊಡ ತುಂಬಿ ಹರಿಯುತ್ತಿತ್ತು. ಒಂದು ಹನಿ ಪೋಲು ಮಾಡಿದವರ ಜನ್ಮ ಜಾಲಾಡುವವಳು ನೋಡುತ್ತ ಕೂತಳು. ಯಾರೋ ಬಂದು ನಲ್ಲಿ ತಿರುಗಿಸಿದರು.

"ಮೂವತ್ತೊಂದು ವರ್ಷ ಆ ಕಣ್ಣೀರಿನ ಮೇಲೆ ನಿದ್ದೆ ಮಾಡಿದ್ದೀವಿ ಕಣಪ್ಪಾ. ಊರಿಗೆ ಬಾ, ಇಲ್ಲೇ ಇರು ಅಂತ ನನ್ನ ತಮ್ಮ ಕರೆದಾಗ, ನನಗೆ ಸ್ವಂತ ಮನೆ ಇದೆ ಅಂದೆ. ಆಮೇಲೆ ಅವನು ಕರೀಲೇ ಇಲ್ಲ."

ಟೈಪಾದ ಹಾಳೆಯ ವಿಷಯ ಹೇಳಿದೆ. ಸೀಲು ಇದೆ ಅಂದೆ. ಅದಕ್ಕೆ ತೂಕ ಇದೆ ಅಂದೆ. ಕೇಳಿಸಿಕೊಂಡಳೋ ಇಲ್ಲವೋ.

"ಒಂದು ಸಲ ನೋಡದೆ ಬರೆದೆಯಲ್ಲ. ಇನ್ನೊಂದು ಸಲ ನೋಡದೆ ಹೇಳೋಕೆ ಏನು ರೋಗ ನಿನಗೆ? ಆವತ್ತು ಬಾರದ ನಾಚಿಕೆ, ನಮ್ಮ ಮನೆ ಹೋಗೋ ಹೊತ್ತಿಗೇ ಬರಬೇಕಾ?"

ಅವಳು ಕೇಳಿದ್ದು ನ್ಯಾಯ. ಈಗಲೂ ನ್ಯಾಯವೇ ಅನ್ನಿಸುತ್ತದೆ.

"ಏಳು. ಸಾಲು ನಿಂತಿದೆ."

ಎದ್ದೆ. ಹತ್ತು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ದನಿ:

"ಇಪ್ಪತ್ತೇಳಕ್ಕೆ ತಾನೇ? ನಾನೂ ಬರ್ತೀನಿ. ಏನು ಹೇಳ್ತೀಯೋ ಈ ಸಲ ನನ್ನ ಕಿವಿಲೇ ಕೇಳ್ತೀನಿ. ಬೆಂಚು ಹತ್ತಿ ಓದಿ ಹೇಳೋರು ಯಾರೂ ಬೇಡ."

ಮಾರ್ಚ್ 26, ಸಂಜೆ 5

ವಕೀಲೆಯ ಕಚೇರಿ. ಹಾಳೆ ಮೇಜಿನ ಮೇಲಿಟ್ಟೆ. ಮುಂಬದಿ ಓದಿ ಕುರ್ಚಿಯಿಂದ ಎದ್ದೇಬಿಟ್ಟಳು. ತಿರುಗಿಸಿ ಓದಿದಳು. ಮತ್ತೆ ಕೂತಳು.

"ಸಾರ್… ಮುಂಬದಿ ಮಾತ್ರ ಜೆರಾಕ್ಸ್ ಮಾಡಿ ಕೊಟ್ರೆ?" — ತಾನೇ ತಲೆ ಆಡಿಸಿದಳು. "ಇಲ್ಲ. ಮೂಲ ಪ್ರತಿ ಕೇಳೇ ಕೇಳ್ತಾರೆ."

"ಮನೆ ಉಳಿಯುತ್ತಾ?"

"ಗೊತ್ತಿಲ್ಲ ಸಾರ್. ತೀರ್ಮಾನಿಸಿದೆ ಅಂತ ಸರ್ಕಾರವೇ ಪತ್ರಿಕೆಗಳಿಗೆ ಕೊಟ್ಟಿದೆ, ಅದು ಗಟ್ಟಿ. ಸಚಿವರು ಸಭೆಯಲ್ಲಿ ಹೇಳಲೇ ಇಲ್ಲವಲ್ಲ ಅಂತಾರೆ, ಅದೂ ಗಟ್ಟಿ. ಆದ್ರೆ ನಿಮ್ಮನ್ನ ಹರಿದು ಹಾಕ್ತಾರೆ. ಆ ವರದಿ ಹೀಗೆ ಅಂದ್ರೆ ಉಳಿದವೂ ಹೀಗೇನಾ ಅಂತ ಕೇಳ್ತಾರೆ."

ಅದನ್ನು ನಾನೂ ಕೇಳಿಕೊಂಡಿದ್ದೇನೆ. ಎಣಿಸಿದೆ. ಹೋಗಿ ಕೂರದೆ ಬರೆದದ್ದು ಅದೊಂದೇ. ಅದೊಂದನ್ನೇ ಪುಸ್ತಕದ ಮೊದಲ ಪುಟಕ್ಕೆ ಆರಿಸಿದ್ದೆ! ಸೊಗಸಾಗಿ ಕಂಡದ್ದು ಅದೇ.

ಮನೆಗೆ ಬಂದು ಪ್ರೂಫ್ ತೆಗೆದೆ. ಮೊದಲ ಪುಟ. ಕೆಂಪು ಪೆನ್ನು. ಆ ವಾಕ್ಯಕ್ಕೆ ಗೆರೆ ಎಳೆದೆ. ಸಾಕಾಗಲಿಲ್ಲ. ವರದಿಗೆಲ್ಲ ಎಳೆದೆ. ಅಂಚಿನಲ್ಲಿ ಬರೆದೆ: 'ವರದಿಗಾರ ಸ್ಥಳದಲ್ಲಿರಲಿಲ್ಲ.' ಪ್ರಕಾಶಕ ಪುಸ್ತಕವನ್ನೇ ಬೇಡ ಅನ್ನಬಹುದು. ಅನ್ನಲಿ.

ಮಾರ್ಚ್ 27, ಬೆಳಗ್ಗೆ 8.40

ಹತ್ತೂವರೆಗೆ ಆಯೋಗ. ಕ್ಷೌರ ಆಯಿತು. ಗಲ್ಲ ಕೊಯ್ದುಕೊಂಡೆ. ಹಾಳೆಗಳು ಲಕೋಟೆಯಲ್ಲಿ, ಲಕೋಟೆ ಜೇಬಿನಲ್ಲಿ. ಆರು ಸಲ ಮುಟ್ಟಿ ನೋಡಿಕೊಂಡೆ.

ಇವಳು ಇಸ್ತ್ರಿ ಅಂಗಿಯ ಪಕ್ಕ ಶಾಲು ಇಟ್ಟಿದ್ದಳು, ಅಭ್ಯಾಸಬಲ. ತೆಗೆದು ಮೊಳೆಗೆ ಹಾಕಿದೆ. ನೋಡಿದಳು. ಕಾಲರ್ ಸರಿ ಮಾಡಿದಳು.

ಹೆಗಲು ಖಾಲಿ. ಕೈ ಎಲ್ಲಿಡುವುದೋ ತಿಳಿಯುತ್ತಿಲ್ಲ. ಆ ಕೋಣೆಯಲ್ಲಿ ಕಂಬ ಇದ್ದರೆ ದೂರ ನಿಲ್ಲಬೇಕು.

ಆಟೋ ಬಂತು. ಒಳಗಿಂದ ನಲ್ಲಿಯಮ್ಮನ ದನಿ, ಬೀದಿಗೆಲ್ಲ ಕೇಳುವಂತೆ: "ಏನಪ್ಪಾ ಗುಡುಗಪ್ಪ, ಮಾತು ಕಲಿತದ್ದಾಯ್ತಾ? ಮುಂದಿನ ಸಾಲು ಸಿಗಬೇಕು ನನಗೆ, ಬೇಗ ಬಾ!"

ಮೊದಲ ಸಾಲು ಬಾಯಿಗೆ ಬಂದಿದೆ. ಗುಡುಗಬಾರದು, ಮೆಲ್ಲಗೆ: 'ಆ ಸಂಜೆ ನಾನು ಅಲ್ಲಿರಲಿಲ್ಲ.' ನಲ್ಲಿಯಮ್ಮನ ಮುಖ ನೋಡಿಯೇ ಹೇಳಬೇಕು. ಎರಡನೆಯ ಸಾಲು —